20 ವರ್ಷದ ನಂತರವೂ ಹಚ್ಚೆ ಓದುವಂತಿರಬೇಕೆ?

ಟ್ಯಾಟೂ ಅಂಗಡಿಯವರು ತೋರಿಸುವ ಫೋಟೊಗಳಲ್ಲಿ ಹೆಚ್ಚಿನವು ಹಾಕಿದ ದಿನವೇ ತೆಗೆದವು. ಅಲ್ಲಿ ಗೆರೆ ಚೂಪು, ಕಪ್ಪು ಕಡುಕಪ್ಪು. ವರ್ಷಗಳು ಕಳೆದ ಮೇಲೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಊರಲ್ಲಿರುವ ಅಜ್ಜಿಯರ ಮುಂಗೈ ನೋಡಿ. ಗೆರೆ ದಪ್ಪಗಾಗಿ, ಬಣ್ಣ ಹಸಿರಿಗೆ ತಿರುಗಿರುತ್ತದೆ. ಹೊಸದಾಗಿ ಹಾಕಿಸಿಕೊಳ್ಳುವವರು ಆ ಹಸಿರು ಗೆರೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಚಿತ್ರ ಆರಿಸಬೇಕು.

ಚರ್ಮದೊಳಗೆ ಏನಾಗುತ್ತದೆ?

ಸೂಜಿ ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕಿಳಿದು ಒಳಚರ್ಮದಲ್ಲಿ ಇಂಕ್ ಬಿಡುತ್ತದೆ. ಮೇಲ್ಚರ್ಮದಲ್ಲಿ ಬಿಟ್ಟರೆ ನಿಲ್ಲುವುದಿಲ್ಲ. ಅದು ಸದಾ ಉದುರಿ ಹೊಸದಾಗುತ್ತಲೇ ಇರುತ್ತದೆ. ಒಳಗೆ ಹೊರಗಿನ ವಸ್ತು ಬಂತು ಅಂತ ಗೊತ್ತಾದ ಕೂಡಲೇ ಮ್ಯಾಕ್ರೊಫೇಜ್ ಎಂಬ ಕಾವಲು ಜೀವಕೋಶಗಳು ಬಂದು ಬಣ್ಣವನ್ನು ನುಂಗುತ್ತವೆ. ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಹಾಗಾದರೆ ಆ ಜೀವಕೋಶ ಸತ್ತ ಮೇಲೆ ಬಣ್ಣ ಎಲ್ಲಿಗೆ ಹೋಗುತ್ತದೆ? ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ಕಂಡುಕೊಂಡರು. ಸತ್ತದ್ದು ಬಿಟ್ಟ ಬಣ್ಣವನ್ನು ಅಲ್ಲೇ ಬಂದ ಹೊಸ ಮ್ಯಾಕ್ರೊಫೇಜ್ ನುಂಗಿಬಿಡುತ್ತದೆ. ಹಚ್ಚೆ ಜೀವನಪೂರ್ತಿ ಉಳಿಯುವುದರ ಗುಟ್ಟು ಇದು.

ಆದರೆ ಪೂರ್ತಿ ಬಣ್ಣ ಅಲ್ಲೇ ಉಳಿಯುವುದಿಲ್ಲ. ಸ್ವಲ್ಪ ದುಗ್ಧರಸದ (ಲಿಂಫ್ ಎಂಬ ದೇಹದ್ರವದ) ಜೊತೆ ಹರಿದು ಕಂಕುಳಿನಂಥ ಕಡೆಯ ಗ್ರಂಥಿಗಳನ್ನು ಸೇರುತ್ತದೆ. ಸ್ವಲ್ಪ ಅತ್ತಿತ್ತ ಸರಿಯುತ್ತದೆ. ಜೊತೆಗೆ ವಯಸ್ಸಾದಂತೆ ಚರ್ಮದ ಬಿಗಿ ಕಡಿಮೆಯಾಗುತ್ತದೆ. ಇಷ್ಟೂ ಸೇರಿ ಗೆರೆಯ ಅಂಚು ಮಸುಕಾಗುತ್ತದೆ. ಹಸಿರು ಎಲ್ಲಿಂದ ಬಂತು ಅಂತೀರಾ? ಆಳದಲ್ಲಿರುವ ಕಪ್ಪಿನ ಮೇಲೆ ಚರ್ಮದ ಪದರವಿದೆ. ಅದು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ. ಹಾಗಾಗಿ ಕಪ್ಪು ಮಸಿಯೂ ನಮ್ಮ ಕಣ್ಣಿಗೆ ನೀಲಿ-ಹಸಿರಾಗಿ ಕಾಣುತ್ತದೆ.

ಮೊದಲು ಅಕ್ಷರದ ಅಳತೆ

ಗೆರೆ ದಪ್ಪವಾಗುವುದು ಖಚಿತ ಅಂದಮೇಲೆ ಗೆರೆಗಳ ನಡುವೆ ಜಾಗ ಬಿಡಲೇಬೇಕು. ಕನ್ನಡದಲ್ಲಿ ಹೆಸರು ಬರೆಸುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಅಕ್ಷರಗಳೆಲ್ಲ ಸುತ್ತು, ಕೊಂಡಿ, ಒತ್ತು. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಷ ಅಕ್ಷರದ ಹೊಟ್ಟೆಯೊಳಗಿನ ಗೆರೆ ಹರಡಿದರೆ ಉಳಿಯುವುದು ಒಂದು ಕಪ್ಪು ಉಂಡೆ. ಮಣಿಕಟ್ಟಿನ ಮೇಲೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಮಗಳ ಹೆಸರು ಬರೆಸುವ ಫ್ಯಾಷನ್ ನನಗಂತೂ ಇಷ್ಟವಿಲ್ಲ. ಒತ್ತಕ್ಷರವಿರುವ ಹೆಸರಾದರೆ ಇನ್ನೂ ದೊಡ್ಡದಾಗಿ ಬರೆಸಿ, ಇಲ್ಲವೇ ಮೊದಲ ಅಕ್ಷರ ಒಂದೇ ಸಾಕು. ಹಳೆಯ ಹಚ್ಚೆಗಳ ಚುಕ್ಕಿ, ಸರಳ ಗೆರೆ ಇವತ್ತಿಗೂ ಗುರುತು ಸಿಗುತ್ತವೆ, ಅಲ್ವಾ? ಅವುಗಳ ನಡುವೆ ಜಾಗವಿದೆ.

ಬಣ್ಣದ ವಿಷಯಕ್ಕೆ ಬಂದರೆ ಕಪ್ಪು ಹೆಚ್ಚು ಕಾಲ ನಿಲ್ಲುತ್ತದೆ. ಬಿಳಿ, ಹಳದಿ ಬೇಗ ಮಂಕಾಗುತ್ತವೆ. ಕೆಂಪಿಗೆ ಅಲರ್ಜಿ ಆಗುವುದು ಉಳಿದವಕ್ಕಿಂತ ಜಾಸ್ತಿ.

ಆಮೇಲೆ ಜಾಗ

ಬೆರಳು, ಅಂಗೈ ಅಂಚು, ಪಾದ ಬೇಡ. ಅಲ್ಲಿ ಉಜ್ಜಾಟ ಹೆಚ್ಚು, ಬಣ್ಣ ಚೂರುಚೂರಾಗಿ ಹೋಗುತ್ತದೆ. ತೋಳಿನ ಮೇಲ್ಭಾಗ, ಬೆನ್ನು ಒಳ್ಳೆಯದು. ಹೊಟ್ಟೆಯ ಮೇಲಿನ ಚಿತ್ರ ಬಸುರಿನಲ್ಲಿ ಅಥವಾ ತೂಕ ಏರಿದಾಗ ಹಿಗ್ಗಬಹುದು.

ಮೊದಲ ತಿಂಗಳು

ಮೇಲ್ಚರ್ಮ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಸಿಪ್ಪೆ ಏಳುತ್ತದೆ, ತುರಿಕೆ ಬರುತ್ತದೆ. ಕೆರೆಯಬೇಡಿ, ಸಿಪ್ಪೆ ಕೀಳಬೇಡಿ. ಕಿತ್ತರೆ ಅಲ್ಲಲ್ಲಿ ಬಣ್ಣ ಹೋಗಿ ತೇಪೆ ಬೀಳುತ್ತದೆ. ಸಾಬೂನಿನಿಂದ ಮೃದುವಾಗಿ ತೊಳೆಯಿರಿ. ಈಜು, ಕೆರೆಸ್ನಾನ ಬೇಡ. ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕೀವು ಅಥವಾ ಜ್ವರ ಬಂದರೆ ಡಾಕ್ಟರ ಬಳಿ ಹೋಗಿ, ಅರಿಸಿನ ಮೆತ್ತಿಕೊಂಡು ಸುಮ್ನೆ ಕೂರಬೇಡಿ.

ಗಾಯ ಮಾಗಿದ ಮೇಲೆ ಬಿಸಿಲೇ ದೊಡ್ಡ ಶತ್ರು. ಅದರ ಅತಿನೇರಳೆ ಕಿರಣ ಬಣ್ಣದ ಕಣಗಳನ್ನು ಒಡೆಯುತ್ತದೆ. ಬೈಕ್ ಓಡಿಸುವವರ ಮುಂಗೈ ಹಚ್ಚೆಗೆ ತುಂಬುತೋಳಿನ ಅಂಗಿ, ಇಲ್ಲವೇ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಬೇಕು.

ಮಂಕಾದ ಮೇಲೆ?

ಮತ್ತೆ ಗೆರೆ ತಿದ್ದಿಸಬಹುದು. ಆದರೆ ಹರಡಿದ ಗೆರೆಯನ್ನು ತಿದ್ದಿ ಸಣ್ಣದು ಮಾಡಲಾಗದು. ಬೇಡವೇ ಬೇಡ ಅಂದರೆ ಲೇಸರ್ ಇದೆ. ಅದು ಬಣ್ಣವನ್ನು ಪುಡಿ ಮಾಡುತ್ತದೆ, ದೇಹ ನಿಧಾನವಾಗಿ ಸಾಗಿಸುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬಿಳಿ ಮತ್ತು ಮೈಬಣ್ಣದ ಇಂಕು ಲೇಸರ್ ಬಿದ್ದಾಗ ಕಪ್ಪಾಗುವುದೂ ಉಂಟು. ಹಾಗಾಗಿ ಮೊದಲು ಮೂಲೆಯ ಒಂದು ಚುಕ್ಕಿಯ ಮೇಲೆ ಪರೀಕ್ಷಿಸಿ ಅಂತ ಚರ್ಮದ ಡಾಕ್ಟರಿಗೆ ನೀವೇ ಹೇಳಿ.