ರೈಲಿನ ಮೂತಿ ಮಡಿಸುವ ಕೆಲಸ

ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಯುರೋಪಿನ ರೈಲುಗಳನ್ನು ಒಂದಕ್ಕೊಂದು ಗುದ್ದಿಸುವುದು ನನ್ನ ಉದ್ಯೋಗ. ಎಲ್ಲವೂ ಕಂಪ್ಯೂಟರಿನಲ್ಲಿ. ಇಡೀ ರೈಲನ್ನೇ ನಿಜವಾಗಿ ಗುದ್ದಿಸಿ ನೋಡಿದವರು ಕಡಿಮೆ. ಅಮೆರಿಕದ ಕೊಲೊರಾಡೊದ ಪ್ಯೂಬ್ಲೊ ಬಳಿಯ ಪರೀಕ್ಷಾ ಹಳಿಯಲ್ಲಿ 2002ರಲ್ಲಿ ಹಳೆಯ ಮಾದರಿಯ ಬೋಗಿಗಳನ್ನು, 2006ರಲ್ಲಿ ಡಿಕ್ಕಿಯಾದಾಗ ಮಡಚಿಕೊಳ್ಳುವ ಮೂತಿಯ ಬೋಗಿಗಳನ್ನು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ನಿಂತ ಎಂಜಿನ್‌ಗೆ ಗುದ್ದಿಸಿದರು. ಮೊದಲ ಸಲ ಮುಂದಿನ ಬೋಗಿ ಎಂಜಿನ್ ಮೇಲೆ ಹತ್ತಿ ಸುಮಾರು 22 ಅಡಿ ನುಜ್ಜುಗುಜ್ಜಾಯಿತು. ಎರಡನೆಯ ಸಲ ಸುಮಾರು 3 ಅಡಿ. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ತೋರಿಸುವುದು ಈ ಎರಡು ದೃಶ್ಯಗಳನ್ನೇ.

ನಾವು ಪಾಲಿಸುವುದು ಡಿಕ್ಕಿಯಲ್ಲಿ ರೈಲಿನೊಳಗಿನವರ ಸುರಕ್ಷತೆಗೆಂದು ಇರುವ ಯುರೋಪಿನ ಮಾನದಂಡ, ಇಎನ್ 15227. ಮುಖ್ಯ ಮಾರ್ಗದ ರೈಲು ತನ್ನಂಥದ್ದೇ ನಿಂತ ರೈಲಿಗೆ 36 ಕಿ.ಮೀ. ವೇಗದಲ್ಲಿ ಗುದ್ದಬೇಕು. ಸೆಕೆಂಡಿಗೆ ಸರಿಯಾಗಿ 10 ಮೀಟರ್, ಬಾಯಿಲೆಕ್ಕಕ್ಕೆ ಸಲೀಸು. 200 ಟನ್ನಿನ ರೈಲಾದರೆ 10 ಮೆಗಾಜೌಲ್ ಚಲನಶಕ್ತಿ. ಗುದ್ದಿದ ಮೇಲೆ ಎರಡೂ ಒಟ್ಟಿಗೆ ಸಾಗುವುದರಿಂದ ಅದರಲ್ಲಿ ಅರ್ಧವನ್ನು ಲೋಹ ಮಡಚಿಕೊಂಡು ನುಂಗಬೇಕು. ಮಡಚಿಕೊಳ್ಳಬೇಕಾದದ್ದು ಮೂತಿ ಮತ್ತು ಬೋಗಿಗಳ ಸಂದು. ಜನ ಕೂರುವ ಜಾಗವಲ್ಲ. ಒಂದು ರೈಲನ್ನು 40 ಮಿ.ಮೀ. ಮೇಲಕ್ಕಿಟ್ಟೂ ಲೆಕ್ಕ ಮಾಡಬೇಕು, ಒಂದರ ಮೇಲೊಂದು ಹತ್ತುತ್ತದೆಯೇ ಎಂಬುದು ಬಯಲಾಗುವುದು ಆಗಲೇ. ಹತ್ತದಂತೆ ತಡೆಯಲು ಮೂತಿಯಲ್ಲಿ ಗರಗಸದ ಹಲ್ಲಿನಂಥ ಅಡ್ಡಪಟ್ಟಿಗಳಿರುತ್ತವೆ.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ. ಶಕ್ತಿ ಹೀರುವ ಅಲ್ಯೂಮಿನಿಯಂ ಕೊಳವೆಯೊಂದನ್ನು ವಿನ್ಯಾಸ ಮಾಡಿದ್ದೆ. ಕಾಲು ಸೆಕೆಂಡಿನ ಡಿಕ್ಕಿಯನ್ನು ಯಂತ್ರ ರಾತ್ರಿಯಿಡೀ ಲೆಕ್ಕ ಹಾಕಿತು. ಬೆಳಿಗ್ಗೆ ನೋಡಿದರೆ ಕೊಳವೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಕುಳಿತಿತ್ತು. ನನ್ನ ಹಿಗ್ಗು ಹೇಳತೀರದು. ಆದರೆ ಮಾದರಿ ಕೊಳವೆಯನ್ನು ಪರೀಕ್ಷಾ ಯಂತ್ರದಲ್ಲಿ ಒತ್ತಿದಾಗ ಮೊದಲ ಮಡಿಕೆ ಮೂಡುವ ಮುನ್ನವೇ ಬೆಸುಗೆಯ ಗೆರೆ ಮೇಲಿನಿಂದ ಕೆಳಕ್ಕೆ ಬಿರಿಯಿತು, ಒಣಗಿದ ಅವರೆಕಾಯಿ ಸಿಪ್ಪೆಯಂತೆ. ಎರಡು ಹೋಳು ಎರಡು ಕಡೆಗೆ ಬಾಗಿದವು.

ಬೆಸುಗೆಯ ಬಿಸಿ ತಗುಲಿದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ನಾನೋ ಕೊಳವೆಗೆಲ್ಲ ಒಂದೇ ಬಲ ಕೊಟ್ಟಿದ್ದೆ. 1999ರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಅಪಘಾತದಲ್ಲಿ 31 ಜನ ಸತ್ತರು. ಅದರ ತನಿಖೆಯಲ್ಲೂ ಅಲ್ಯೂಮಿನಿಯಂ ಬೆಸುಗೆ ಸೀಳಿದ ಪ್ರಶ್ನೆ ಬಂದಿತ್ತು. ಅದನ್ನು ಓದಿಯೂ ಇದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಮತ್ತೆ ಕುಳಿತೆ. ಬೆಸುಗೆಯ ಎರಡೂ ಬದಿಗೆ ಮೆತ್ತನೆಯ ಲೋಹದ ಪಟ್ಟಿ ಎಳೆದೆ, ಅದು ಸೀಳುವ ಮಿತಿಯನ್ನು ಪ್ರತ್ಯೇಕವಾಗಿ ಕೊಟ್ಟೆ. ಗೆರೆಯನ್ನು ಮೂಲೆಯಿಂದ ಸರಿಸಿ ಚಪ್ಪಟೆ ಬದಿಯ ನಡುವೆ ತಂದೆ, ಏಕೆಂದರೆ ಹೆಚ್ಚು ಹೊರೆ ಹೊರುವುದು ಮೂಲೆಗಳೇ. ತುದಿಯಲ್ಲಿ ಸಣ್ಣ ತಗ್ಗುಗಳನ್ನು ಒತ್ತಿಸಿದೆ. ಮಡಿಕೆ ಎಲ್ಲಿ ಶುರುವಾಗಬೇಕೆಂದು ಲೋಹಕ್ಕೆ ಹೇಳಿಕೊಡುವ ಉಪಾಯ ಅದು. ತಗ್ಗಿಲ್ಲದಿದ್ದರೆ ಅದು ತನಗೆ ತೋಚಿದಲ್ಲಿ ಬಾಗುತ್ತದೆ, ಮೊದಲ ಏಟಿನ ಬಲವೂ ಹೆಚ್ಚಾಗಿ ಒಳಗಿನ ಚೌಕಟ್ಟಿಗೆ ಹೊಡೆತ ಬೀಳುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ನಾನು ಯಂತ್ರದ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಟಕ್, ಟಕ್ ಎಂದು ಒಂದೊಂದೇ ಮಡಿಕೆ ಕೂತಿತು. ಕಂಪ್ಯೂಟರ್ ಆರು ಮಡಿಕೆ ಎಂದಿತ್ತು, ಕೊಳವೆ ಐದನ್ನೇ ಕೊಟ್ಟಿತು. ಹೀರಿದ ಶಕ್ತಿ ಮಿತಿಯೊಳಗಿತ್ತು. ಮಡಿಕೆ ಐದು ಎಂದೇ ಬರೆದು ವರದಿಗೆ ಸಹಿ ಹಾಕಿದೆ.