ಕಾರಿನ ಟೈರು, ಒಂದು ಗುಡ್ಡೆ ಮರಳು

ನನ್ನ ಅಂಗನವಾಡಿ ಅಂಗಳಕ್ಕೆ ಮರಳು ಸುರಿಸಿದ ದಿನ ತಾಯಂದಿರು ಸಾಲಾಗಿ ಬಂದು ಬೈದರು. ‘ಮಿಸ್, ಮಕ್ಕಳಿಗೆ ಕಜ್ಜಿ ಆಗುತ್ತೆ’ ಅಂದರು. ನಮ್ಮ ಸಹಾಯಕಿಗೂ ನಂಬಿಕೆ ಇರಲಿಲ್ಲ.

ಇದ್ದದ್ದು 22 ಮಕ್ಕಳು. ಆರೇಳು ಮಕ್ಕಳ ಮನೆಯವರು ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು. ಆ ಮಕ್ಕಳ ಮಾತು ಕೇಳಿ ಉಳಿದವು ನಗುತ್ತಿದ್ದವು. ಎಲ್ಲರೂ ಕೂಡಿ ಆಡಲಿ ಅಂತ ಕೈ ಕೈ ಹಿಡಿಸಿ ಹಾಡು ಹೇಳಿಸಿದೆ, ಹಾಡು ಮುಗಿದ ಕೂಡಲೇ ಮತ್ತೆ ಅವರವರ ಮೂಲೆ. ಕೈಯಿಂದ ಸುಮಾರು 1,800 ರೂಪಾಯಿ ಹಾಕಿ ಪ್ಲಾಸ್ಟಿಕ್ ಸೈಕಲ್ಲು, ಗೊಂಬೆ ತಂದೆ. ಪೂರ್ತಿ ದಂಡ. ದಿನಾ ಕಿತ್ತಾಟ, ‘ಟೂ’ ಬಿಡೋದು ಇನ್ನೂ ಜಾಸ್ತಿ ಆಯಿತು.

ಆಮೇಲೆ ಪಂಕ್ಚರ್ ಅಂಗಡಿಯಿಂದ ಪುಕ್ಕಟೆ ಹಳೇ ಟೈರು ತಂದೆ. ಮೊದಲು ಸ್ಕೂಟರ್‌ದು. ಒಬ್ಬೊಬ್ಬರೇ ಉರುಳಿಸಿಕೊಂಡು ಓಡಿಬಿಟ್ಟರು. ಕಾರಿನ ಟೈರು ಬಂದ ದಿನ ಆಟವೇ ಬದಲಾಯಿತು. ನಾಲ್ಕು ವರ್ಷದ ಹುಡುಗ ಅದನ್ನು ಒಬ್ಬನೇ ಎತ್ತಿ ನಿಲ್ಲಿಸಲು ಒದ್ದಾಡಿದ, ಅತ್ತಿತ್ತ ನೋಡಿದ, ಹತ್ತಿರ ನಿಂತಿದ್ದ ಯಾದಗಿರಿ ಹುಡುಗಿಯನ್ನೇ ‘ಬಾ, ಹಿಡ್ಕೋ’ ಅಂತ ಕರೆದ. ತಿಂಗಳಿಡೀ ನನ್ನಿಂದ ಆಗದ್ದು ಅದು! ಟೈರಿಗೆ ಸುತ್ತಲೂ ತೂತು ಹೊಡೆಸಿಬಿಡಿ, ಇಲ್ಲದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಆಗುತ್ತೆ.

ಮರಳಲ್ಲೂ ಸೋತೆ. ಮೊದಲು ತರಿಸಿದ, ಕಲ್ಲು ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್‌ಗೆ ಎರಡು ಸಾವಿರದ ಹತ್ತಿರ ಹೋಯಿತು. ಬರೀ ಧೂಳು, ಮಕ್ಕಳ ಮಂಡಿ ತರಚಿತು, ಗುಬ್ಬಿ ಗೂಡು ನಿಲ್ಲಲೇ ಇಲ್ಲ. ಪಕ್ಕದ ಮನೆ ಕಟ್ಟಿ ಉಳಿದಿದ್ದ ಹೊಳೆ ಮರಳು ಸಿಕ್ಕಿತು, ಬದುಕಿದೆ. ಬೆಕ್ಕು ಗಲೀಜು ಮಾಡುತ್ತಿತ್ತು, 600 ರೂಪಾಯಿ ಟಾರ್ಪಾಲು ಹೊದಿಸಿದೆ. ಗುಬ್ಬಿ ಗೂಡಲ್ಲಿ ಒಬ್ಬರು ಕಾಲಿಟ್ಟು ಅಲ್ಲಾಡದೆ ಕೂರಬೇಕು, ಇನ್ನೊಬ್ಬರು ಒದ್ದೆ ಮರಳು ತಟ್ಟಬೇಕು. ಹಂಚಿಕೊಂಡು ಆಡಲಿ ಅಂತ ಬೇಕಂತಲೇ ಮೂರೇ ಚೊಂಬು ಇಟ್ಟಿದ್ದೇನೆ. ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಯಾರನ್ನು ಯಾರ ಜೊತೆ ಮೊದಲು ಹೊರಗೆ ಬಿಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದನ್ನು ಮಾತ್ರ ಹೇಳಲ್ಲ.

ನಡುವೆ ಸುಮ್ನೆ ಮರಳಲ್ಲಿ ಹೆಸರುಕಾಳು ಹಾಕಿಸಿ ನೋಡಿದೆ. ಮೊಳಕೆ ಬಂತಾ ಅಂತ ದಿನಾ ಐದಾರು ತಲೆ ಒಟ್ಟಿಗೆ ಬಗ್ಗಿ ಅಗೆದು ಅಗೆದು, ಒಂದು ಗಿಡವೂ ಉಳಿಯಲಿಲ್ಲ. ಆದರೆ ಈಗ ನಮ್ಮ ಏರಿಯಾ ಮಕ್ಕಳೂ ಯಾದಗಿರಿ ಮಕ್ಕಳ ಹಾಗೆ ಮಾತುಮಾತಿಗೆ ‘ಹೌದಿಲ್ಲೋ’ ಅನ್ನುತ್ತವೆ!

ಜೇಬಲ್ಲಿ ತುಂಬಿಕೊಂಡು ಹೋಗಿ ಹೋಗಿ ಮರಳು ಅರ್ಧ ಆಗಿದೆ. ಇನ್ನೊಂದು 20 ಬುಟ್ಟಿ ಬೇಕು. ಕಜ್ಜಿ ಅಂದಿದ್ದ ತಾಯಿಯೇ ತಂದು ಹಾಕ್ತೀನಿ ಅಂದಿದ್ದಾರೆ.