ಇಜಿಆರ್ ಬ್ಲಾಕ್ ಮಾಡ್ಸೋ ಬದ್ಲು ಬಿಚ್ಚಿ ಕ್ಲೀನ್ ಮಾಡಿ ಹಾಕ್ಕೊಂಡೆ – ನನ್ನ ಅನುಭವ

ನಂದು 2011ರ ಸ್ವಿಫ್ಟ್ ಡಿಸೈರ್ ಡೀಸೆಲ್. ಅದೇ ಫಿಯೆಟ್‌ನವರ 1.3 ಲೀಟರ್ ಇಂಜಿನ್, ಮಾರುತಿ ಟಾಟಾ ಫಿಯೆಟ್ ಅಂತ ಎಲ್ಲರ ಗಾಡೀಲೂ ಓಡಿರೋದ್ರಿಂದ ಪಾರ್ಟ್ಸ್‌ಗೆ ಪರದಾಟ ಇಲ್ಲ. ಬೆಂಗಳೂರು ರಿಜಿಸ್ಟ್ರೇಷನ್, ಇಲ್ಲಿ 2010ರಲ್ಲೇ ಬಿಎಸ್ 4 (ಗಾಡಿ ಹೊಗೆಗೆ ಇರೋ ಭಾರತ್ ಸ್ಟೇಜ್ 4 ನಿಯಮ) ಶುರುವಾಗಿದ್ರಿಂದ ಗಾಡಿನೂ ಬಿಎಸ್ 4. ಕೆಲವು ತಿಂಗಳಿಂದ ಸಣ್ಣ ಆರ್‌ಪಿಎಂನಲ್ಲಿ ಎಳೆತಾನೇ ಇರ್ಲಿಲ್ಲ, ಸಿಗ್ನಲ್ ಬಿಟ್ಟಾಗ ಮುಗ್ಗರಿಸೋದು, ಗುಂಡ್ಯದಿಂದ ಶಿರಾಡಿ ಘಾಟ್ ಹತ್ತುವಾಗಂತೂ ಮಿರರ್‌ನಲ್ಲಿ ನೋಡಿದ್ರೆ ಹಿಂದೆ ಬರೋನು ಪಾಪ ಕಪ್ಪು ಹೊಗೇಲಿ ಮುಳುಗಿರೋನು. ಆಮೇಲೆ ಚೆಕ್ ಇಂಜಿನ್ ಲೈಟೂ ಬಂತು. ಬ್ಲೂಟೂತ್ ಸ್ಕ್ಯಾನರ್ ಹಾಕಿದ್ರೆ ಪಿ0401 ಅನ್ನೋ ಕೋಡ್, ಅಂದ್ರೆ ಇಜಿಆರ್‌ನಲ್ಲಿ (ಹೊಗೇನ ವಾಪಸ್ ಇಂಜಿನ್‌ಗೆ ಕಳಿಸೋ ವಾಲ್ವ್) ಹೋಗ್ಬೇಕಾದಷ್ಟು ಗ್ಯಾಸ್ ಹೋಗ್ತಿಲ್ಲ ಅಂತ.

ನಾನು ಯಾವಾಗ್ಲೂ ಹೋಗೋ ಗ್ಯಾರೇಜ್‌ನಲ್ಲಿ ಬಾನೆಟ್ ಎತ್ತೋಕೆ ಮುಂಚೆನೇ ಉತ್ತರ ರೆಡಿ ಇತ್ತು. "ಸಾರ್, ಒಂದು ಪ್ಲೇಟ್ ಹಾಕಿ ಬ್ಲಾಕ್ ಮಾಡ್ಬಿಡೋಣ, ಪಿಕಪ್ ನೋಡಿ ಹೆಂಗೆ ಬರುತ್ತೆ, ಎಮಿಷನ್ ಟೆಸ್ಟ್ ಕೂಡ ಆರಾಮಾಗಿ ಪಾಸ್ ಆಗುತ್ತೆ." ಹೇಳಿದ್ದು ಸುಳ್ಳಲ್ಲ ಅನ್ನೋದೇ ಇದ್ರಲ್ಲಿರೋ ತಮಾಷೆ.

ಇಜಿಆರ್ ಮಾಡೋ ಕೆಲಸ ಇಷ್ಟೇ, ಸುಟ್ಟ ಹೊಗೇಲಿ ಸ್ವಲ್ಪ ಭಾಗನ ವಾಪಸ್ ಇಂಜಿನ್ ಒಳಗೆ ಬಿಡುತ್ತೆ. ಅದ್ರಿಂದ ಸಿಲಿಂಡರ್‌ನಲ್ಲಿ ಆಕ್ಸಿಜನ್ ಕಮ್ಮಿ ಆಗಿ ಉರಿಯೋ ಬಿಸಿ ಇಳಿಯುತ್ತೆ, ಬಿಸಿ ಇಳಿದ್ರೆ ನೈಟ್ರೋಜನ್ ಆಕ್ಸೈಡ್ ಕಮ್ಮಿ ಹುಟ್ಟುತ್ತೆ. ಅದೇ ವಾಲ್ವ್ ಮಸಿ ತುಂಬಿ ಪೂರ್ತಿ ಮುಚ್ಕೊಳ್ದೆ ನಿಂತ್ರೆ ಆಕ್ಸಿಜನ್ ಬೇಕಾದಾಗ್ಲೂ ಸಿಗಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಕಪ್ಪು ಹೊಗೆ. ಹಾಗಾಗಿ ಬ್ಲಾಕ್ ಮಾಡಿದ್ರೆ ಕಪ್ಪು ಹೊಗೆ ಕಮ್ಮಿ ಆಗೋದು ನಿಜ. ಆದ್ರೆ ನಮ್ಮ ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಗೆ ನೋಡೋದೇ ಹೊಗೆ ಎಷ್ಟು ದಟ್ಟ ಇದೆ ಅಂತ ಮಾತ್ರ, ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು ಮೀಟರ್ ಓದ್ತಾರೆ, ಬಿಎಸ್ 4ಗೆ 1.62 ಲಿಮಿಟ್. ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ! ಅಂದ್ರೆ ಕಣ್ಣಿಗೆ ಕಾಣೋ ಹೊಗೆ ಕಮ್ಮಿ, ಕಾಣದೇ ಇರೋ ವಿಷ ಜಾಸ್ತಿ, ಸರ್ಟಿಫಿಕೇಟ್ ಮಾತ್ರ ಫಸ್ಟ್ ಕ್ಲಾಸ್. 2015ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಿದ್ದೂ ಇದೇ ನೈಟ್ರೋಜನ್ ಆಕ್ಸೈಡ್ ಮುಚ್ಚಿಟ್ಟಿದ್ದಕ್ಕೆ. ಮಕ್ಕಳಿಗೆ ವೀಸಿಂಗ್ ಬರೋ ಮನೆಯವರಿಗೆ ನಾನು ಜಾಸ್ತಿ ಹೇಳ್ಬೇಕಾಗಿಲ್ಲ.

ಇನ್ನೊಂದು, ಬ್ಲಾಕ್ ಮಾಡಿದ್ರೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಸುಮ್ನೆ ಕೂರಲ್ಲ. ಇಜಿಆರ್ ವಾಲ್ವ್ ತೆರೆದುಕೊಂಡಾಗ ಹೊರಗಿನ ಗಾಳಿ ಇಷ್ಟು ಕಮ್ಮಿ ಆಗ್ಬೇಕು ಅಂತ ಏರ್ ಫ್ಲೋ ಸೆನ್ಸರ್ ನೋಡ್ಕೊಂಡು ಲೆಕ್ಕ ಹಾಕ್ತಿರುತ್ತೆ, ಆಗ್ಲಿಲ್ಲ ಅಂದ್ರೆ ಮತ್ತೆ ಅದೇ ಲೈಟು, ಅದನ್ನ ಆಫ್ ಮಾಡ್ಸೋಕೆ ರೀಮ್ಯಾಪು (ಆ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾಯಿಸೋದು), ದುಡ್ಡು. ಕಾನೂನಲ್ಲೂ ಕಂಪನಿ ಕೊಟ್ಟಿದ್ದನ್ನ ಹೀಗೆ ಬದಲಾಯಿಸೋ ಹಾಗಿಲ್ಲ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ನೋಡ್ಕೊಳ್ಳಿ.

ಸರಿ, ಒಂದು ಭಾನುವಾರ ನಾನೇ ಕೂತೆ. ಇಂಜಿನ್ ಪೂರ್ತಿ ತಣ್ಣಗಾಗ್ಬೇಕು, ಇದು ಮುಖ್ಯ, ಎಕ್ಸಾಸ್ಟ್ ಪಕ್ಕದ ಬೋಲ್ಟ್‌ಗಳು ಬಿಸಿ ಇದ್ದಾಗ ಮುಟ್ಟಿದ್ರೆ ಚರ್ಮ ಅಲ್ಲೇ ಉಳಿಯುತ್ತೆ. ಬ್ಯಾಟರಿ ನೆಗೆಟಿವ್ ತೆಗೆದೆ, ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದೆ, ವಾಲ್ವ್‌ನ ಕನೆಕ್ಟರ್ ಲಾಕ್ ಒತ್ತಿ ಬಿಡಿಸ್ದೆ. ವೈರ್ ಹಿಡಿದು ಎಳೀಬೇಡಿ, ಹದಿನಾಲ್ಕು ವರ್ಷದ ಪ್ಲಾಸ್ಟಿಕ್ ಬಿಸ್ಕತ್ ತರ ಪುಡಿ ಆಗುತ್ತೆ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿನೇ ಡಬ್ಲ್ಯುಡಿ-40 ಹೊಡೆದಿಟ್ಟಿದ್ದೆ, ಆದ್ರೂ ಒಂದು ಬೋಲ್ಟ್ ಹಟ ಹಿಡೀತು, ಜೋರು ಮಾಡಿದ್ರೆ ತಲೆ ಮುರಿಯುತ್ತೆ ಅಂತ ಸ್ವಲ್ಪ ಬಿಗಿ ಮಾಡೋದು ಸ್ವಲ್ಪ ಲೂಸ್ ಮಾಡೋದು ಹೀಗೆ ಆಟ ಆಡಿಸ್ತಾ ತೆಗೆದೆ.

ವಾಲ್ವ್ ಕೈಗೆ ಬಂದಾಗ ಗೊತ್ತಾಯ್ತು ಯಾಕೆ ಹೀಗಾಡ್ತಿತ್ತು ಅಂತ. ಎಕ್ಸಾಸ್ಟ್ ಕಡೆ ಒಣಗಿದ ಮಸಿ, ಬೆರಳು ತಾಗಿದ್ರೆ ಉದುರೋದು. ಇನ್‌ಟೇಕ್ ಕಡೆ ಹಾಗಲ್ಲ, ಅಂಟಂಟು, ಹೊಳೆಯೋ ಕರಿ ಪೇಸ್ಟು, ಯಾಕಂದ್ರೆ ಇಂಜಿನ್ ಒಳಗಿನ ಆವಿ ಹೊರಗೆ ಬಿಡೋ ಬ್ರೀದರ್ ಪೈಪಿಂದ ಬರೋ ಆಯಿಲ್ ಆವಿ ಅಲ್ಲೇ ಬಂದು ಮಸಿ ಜೊತೆ ಸೇರ್ಕೊಳ್ಳುತ್ತೆ. ವಾಲ್ವ್ ಕೂರೋ ಸೀಟಿನ ಸುತ್ತ ಗಟ್ಟಿ ಉಂಗುರದ ಹಾಗೆ ಕಾರ್ಬನ್ ಕಟ್ಕೊಂಡಿತ್ತು, ಅದಕ್ಕೇ ಪೂರ್ತಿ ಮುಚ್ಚೋಕೂ ಆಗ್ದೆ ಪೂರ್ತಿ ತೆರೆಯೋಕೂ ಆಗ್ದೆ ಮಧ್ಯದಲ್ಲಿ ಸಿಕ್ಕಾಕೊಂಡಿತ್ತು.

ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಶ್, ಮರದ ಕಡ್ಡಿ, ಇಷ್ಟು ಸಾಕು. ಸ್ಕ್ರೂಡ್ರೈವರ್‌ನಿಂದ ಕೆರೀಬೇಡಿ, ಸೀಟ್‌ಗೆ ಗೀರು ಬಿದ್ರೆ ಆಮೇಲೆ ಯಾವತ್ತೂ ಲೀಕೇ. ಮೋಟಾರ್ ಇರೋ ತುದಿ ಮೇಲೆ ಇರೋ ಹಾಗೆ ಹಿಡ್ಕೊಂಡು ಸ್ಪ್ರೇ ಮಾಡಿ, ಕೊಳೆ ನೀರು ಕೆಳಗೆ ಇಳೀಲಿ, ಮೋಟಾರ್ ಒಳಗೆ ಹೋದ್ರೆ ವಾಲ್ವೇ ಹೋಯ್ತು. ಬಯಲಲ್ಲಿ ಮಾಡಿ, ಗ್ಲೌಸ್ ಹಾಕ್ಕೊಳ್ಳಿ, ಹತ್ತಿರ ಬೆಂಕಿ ಇರ್ಬಾರ್ದು. ನೆನೆಸಿ ಬಿಟ್ಟು ಉಜ್ಜಿ, ಮತ್ತೆ ನೆನೆಸಿ ಉಜ್ಜಿ, ಮಧ್ಯಾಹ್ನದ ಊಟದ ತನಕ ಅದೇ ಕೆಲಸ, ಮನೇಲಿ ಬೈಸಿಕೊಂಡಿದ್ದು ಬೇರೆ ಕಥೆ. ಕೊನೆಗೆ ವಾಲ್ವ್‌ನ ಬೆರಳಿಂದ ಮೆತ್ತಗೆ ಒತ್ತಿದ್ರೆ ಒಳಗೆ ಹೋಗಿ ಸ್ಪ್ರಿಂಗ್‌ಗೆ ಟಕ್ ಅಂತ ವಾಪಸ್ ಬರೋಕೆ ಶುರುವಾಯ್ತು. ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸ್ದೆ. ಹಳೇ ಗ್ಯಾಸ್ಕೆಟ್ಟೇ ಹಾಕಿ ಉಳಿಸೋದು ನೂರಿನ್ನೂರು ರೂಪಾಯಿ, ಲೀಕ್ ಆದ್ರೆ ಮತ್ತೆ ಎಲ್ಲಾ ಬಿಚ್ಚೋ ಕೆಲಸ. ನಂಗೆ ಸ್ಪ್ರೇ ಗ್ಯಾಸ್ಕೆಟ್ ಎಲ್ಲಾ ಸೇರಿ 500 ರೂಪಾಯಿ ಒಳಗೇ ಮುಗೀತು.

ಸ್ಟಾರ್ಟ್ ಮಾಡಿದಾಗ ಒಂದಷ್ಟು ಹೊತ್ತು ಬಿಳಿ ಹೊಗೆ, ಒಂಥರಾ ವಾಸನೆ, ಒಳಗೆ ಉಳಿದ ಕ್ಲೀನರ್ ಉರಿಯೋದು, ಹೆದರ್ಬೇಡಿ. ಕೋಡ್ ಕ್ಲಿಯರ್ ಮಾಡಿ ನೆಲಮಂಗಲ ತನಕ ಓಡಿಸ್ಕೊಂಡು ಬಂದೆ. ಲೈಟ್ ಬರ್ಲಿಲ್ಲ, ಮುಗ್ಗರಿಸೋದು ನಿಂತಿತ್ತು, ಎಮಿಷನ್ ಟೆಸ್ಟ್‌ನಲ್ಲಿ ಒಂದಕ್ಕಿಂತ ಕೆಳಗೆ ಬಂತು, ಪ್ಲೇಟ್ ಇಲ್ದೇನೇ. ಪಿಕಪ್ ಹೊಸ ಗಾಡಿ ತರ ಆಯ್ತು ಅಂತೆಲ್ಲ ಹೇಳಲ್ಲ, ಟರ್ಬೋನೂ ಹಳೇದೇ ಅಲ್ವಾ.

ಕ್ಲೀನ್ ಮಾಡಿದ್ಮೇಲೂ ಅದೇ ಕೋಡ್ ಬಂದ್ರೆ ವಾಲ್ವ್ ಬದಲಾಯಿಸೋಕೆ ಮುಂಚೆ ಏರ್ ಫ್ಲೋ ಸೆನ್ಸರ್ ಮತ್ತೆ ಇಂಟರ್‌ಕೂಲರ್ (ಟರ್ಬೋ ಗಾಳಿ ತಣ್ಣಗೆ ಮಾಡೋದು) ಹೋಸ್ ನೋಡಿ, ಹೋಸ್ ಕ್ಲಿಪ್ ಹತ್ರ ಆಯಿಲ್ ಒಸರಿದ್ರೆ ಅಲ್ಲೇ ಸೀಳಿರುತ್ತೆ. ಪೇಟೆ ಒಳಗೇ ಮೂರ್ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸೋರಿಗೆ ಮಸಿ ಬೇಗ ಕಟ್ಟುತ್ತೆ, ಆಗಾಗ ಹೈವೇಲಿ ಒಂದರ್ಧ ಗಂಟೆ ಓಡಿಸ್ತಾ ಇರಿ.